ದಾನವ್ವನ ಖಾನಾವಳಿಯ ಕೈಗುರು

ಚನ್ನವೀರಪ್ಪ ಮಾಸ್ತರರು ಕೆಂಪು ಅರಿವೆ ಮುಚ್ಚಿದ ತಾಟನ್ನು ಎರಡೂ ಕೈಯಲ್ಲಿ ಹಿಡಿದು, ಮದುವೆಯಲ್ಲಿ ತಾಳಿ ತರುವವರ ಗತ್ತಿನಲ್ಲಿ ಅಡುಗೆಮನೆಗೆ ಬಂದಾಗ ದಾನವ್ವನ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವಿತ್ತು. ಹೋದ ಸಲ ಅವರು ಹೀಗೆ ಅರಿವೆ ಮುಚ್ಚಿ ತಂದದ್ದು ತಾನೇ ಮಜ್ಜಿಗೆ ಕಡೆಯುವ ಯಂತ್ರ. ಅದು ಕಡೆದದ್ದೇನೋ ಖರೆ, ಆದರೆ ನಿಲ್ಲುವುದನ್ನು ಕಲಿತಿರಲಿಲ್ಲ! ಬೆಣ್ಣೆ ಹಾರಿ ಮಾಳಿಗೆಯ ತೊಲೆಗೆ ಅಂಟಿಕೊಂಡು, ಇವತ್ತಿಗೂ ಬೇಸಿಗೆ ಬಂದರೆ ಮೂರನೆಯ ಮೇಜಿನವರ ತಾಟಿಗೆ ಮೇಲಿನಿಂದ ತುಪ್ಪ ತೊಟ್ಟಿಕ್ಕುತ್ತದೆ. ಆ ಮೇಜಿಗಾಗಿ ಗಿರಾಕಿಗಳು ಪಾಳಿ ಹಚ್ಚುತ್ತಾರೆ ಎನ್ನುವುದು ಬೇರೆ ಮಾತು.

"ಮತ್ತೇನ ತಂದಿಯೋ ಚನ್ನವೀರಾ?"

"ವೈನಿ, ಇದು ಮಶೀನ ಅಲ್ಲ. ಗುರು! ಹೆಸರು ಕೈಗುರು!" ಎಂದು ಮಾಸ್ತರರು ಅರಿವೆ ಸರಿಸಿದರು.

ತಾಟಿನಲ್ಲಿ ಮೂರು ಜೊತೆ ಕೈಗವಸುಗಳಿದ್ದವು. ತೆಳ್ಳಗಿನ ರಬ್ಬರು, ಬೆರಳುಗಳ ಉದ್ದಕ್ಕೂ ತಾಮ್ರದ ಎಳೆ, ಮಣಿಕಟ್ಟಿನ ಹತ್ತಿರ ಸಾಸಿವೆಕಾಳಿನಷ್ಟು ಗಾಜಿನ ಕಣ್ಣು, ಅದರ ಪಕ್ಕ ಅಷ್ಟೇ ದೊಡ್ಡ ಕಿವಿ. ಜೊತೆಗೆ ಮೂರನ್ನೂ ನಡೆಸುವ ಒಂದು ದೊಡ್ಡ ಗುಂಡಿಯ ಪೆಟ್ಟಿಗೆ.

ಮಾಸ್ತರರು ದಾನವ್ವನ ಗಂಡನ ತಮ್ಮ. ಐಟಿಐಯಲ್ಲಿ ಮೂವತ್ತು ವರ್ಷ ಹುಡುಗರಿಗೆ ವೈರಿಂಗ್ ಕಲಿಸಿ ನಿವೃತ್ತರಾದವರು. ಕಲಿಸುವ ಚಟ ಮಾತ್ರ ನಿವೃತ್ತಿಯಾಗಲಿಲ್ಲ. ಹುಡುಗರು ಸಿಗದ್ದಕ್ಕೆ ಯಂತ್ರಗಳನ್ನು ಕೂಡಿಸಿಕೊಂಡು ಕಲಿಸುತ್ತಿದ್ದರು.

"ನೋಡ್ರಿ ವೈನಿ, ಇದನ್ನ ನೀವು ಹಾಕ್ಕೊಂಡು ಎರಡು ದಿನ ರೊಟ್ಟಿ ಬಡೀರಿ. ನಿಮ್ಮ ಕೈ ಹ್ಯಾಂಗ ಹೊಳ್ಳತೈತಿ, ಎಷ್ಟು ಒತ್ತತೈತಿ, ಎಲ್ಲಾ ಇದು ಕಲೀತೈತಿ. ಆಮ್ಯಾಲೆ ಬ್ಯಾರೆಯವರು ಹಾಕ್ಕೊಂಡ್ರ ಅವರ ಕೈ ಹಿಡದು ಇದ ಬಡಸತೈತಿ. ಹತ್ತು ವರ್ಷದ ವಿದ್ಯಾ ಹತ್ತು ನಿಮಿಷದಾಗ! ಇನ್ನ ಶಾಲಿ ಯಾಕ? ಮಾಸ್ತರ ಯಾಕ?"

"ನೀನೂ ಮಾಸ್ತರನ ಅಲ್ಲೇನೋ?" ಎಂದಳು ದಾನವ್ವ.

"ಅದಕ್ಕ ಮೊದಲ ನಿವೃತ್ತಿ ಆಗೇನಿ!"

ದಾನವ್ವ ಫಟ್ಟನೆ ಹಣೆ ಬಡಿದುಕೊಂಡಳು. ಕೂಡಲೇ "ಯವ್ವಾ!" ಎಂದು ಬಲಗೈ ಹಿಡಿದುಕೊಂಡಳು. ಮಣಿಕಟ್ಟು ಕಳಕ್ಕೆಂದಿತ್ತು.

ಆ ಮಣಿಕಟ್ಟೇ ಈಗಿನ ಸಂಕಟ. ಗಂಡ ತೀರಿಕೊಂಡ ವರ್ಷ ಗದಗಿನ ಸ್ಟೇಶನ್ ರಸ್ತೆಯಲ್ಲಿ ಶುರುಮಾಡಿದ ಖಾನಾವಳಿ, ಇಪ್ಪತ್ತೆಂಟು ವರ್ಷದಿಂದ ಅವಳ ಎರಡು ಅಂಗೈಗಳ ಮೇಲೆ ನಿಂತಿತ್ತು. ಡಾಕ್ಟರರು ಪಟ್ಟಿ ಸುತ್ತಿ, "ರೊಟ್ಟಿ ಬಡಿಯೋದು ಬಿಡ್ರಿ, ಇಲ್ಲಂದ್ರ ಕೈ ಬಿಡ್ರಿ" ಎಂದು ಹೇಳಿಬಿಟ್ಟಿದ್ದರು. ಎದುರಿಗೆ ಎಳ್ಳ ಅಮಾವಾಸ್ಯೆ. ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮನೆಗಳವರು ಒಂದು ಸಾವಿರ ಸಜ್ಜೆ ರೊಟ್ಟಿ ಹೇಳಿ ಹೋಗಿದ್ದರು, ಪ್ರತಿವರ್ಷದಂತೆ. ಕೂಲಿಗೆ ಕರೆದ ಇಬ್ಬರು ಹೆಂಗಸರ ರೊಟ್ಟಿ ಕಂಡು ಗಿರಾಕಿಗಳು ತಾಟು ಹಿಂದಕ್ಕೆ ಸರಿಸಿದ್ದರು. ದಾನವ್ವನಿಗೆ ಖಾನಾವಳಿ ಮುಚ್ಚುವ ಭಯಕ್ಕಿಂತ ದೊಡ್ಡ ಭಯ ಒಂದಿತ್ತು. ರೊಟ್ಟಿ ಬಡಿಯದಿದ್ದರೆ ತಾನು ಮತ್ತೇನು ಮಾಡುವವಳು? ಈ ಪ್ರಶ್ನೆ ಬಂದಾಗಲೆಲ್ಲ ಅವಳು ಗಬಗಬನೆ ಪಾತ್ರೆ ತಿಕ್ಕಲು ಕೂರುತ್ತಿದ್ದಳು.

ಅದಕ್ಕೇ ಅವಳು ಕೊನೆಗೆ, "ಆತು, ತಾ ಇಲ್ಲೆ" ಎಂದು ಕೈ ಚಾಚಿದಳು.

"ಒಂದ ಮಾತು ವೈನಿ. ಬರೇ ರೊಟ್ಟಿ! ಬ್ಯಾರೆ ಏನರ ಮಾಡೂಮುಂದ ಈ ಗುಂಡಿ ಒತ್ತಿ ಬಂದ ಮಾಡ್ರಿ."

"ಹಿಟ್ಟಿನ ಕೈಲೆ ಗುಂಡಿ ಮುಟ್ಟಲಿ?"

"ಮುಟ್ಟಿದ್ರ ಏನಾಗತೈತಿ?"

ಆ ಅಡುಗೆಮನೆಯಲ್ಲಿ ಹಿಟ್ಟಿನ ಹಸಿಕೈಯಲ್ಲಿ ಯಾವ ಗುಂಡಿಯನ್ನೂ ಮುಟ್ಟಬಾರದೆಂಬುದು ಇಪ್ಪತ್ತೆಂಟು ವರ್ಷದ ಕಟ್ಟುನಿಟ್ಟು. ಮುಟ್ಟಿದರೆ ಝುಂ ಎನ್ನುತ್ತಿತ್ತು. ಅಲ್ಲಿನ ವೈರಿಂಗ್ ಮಾಡಿದವರು ಚನ್ನವೀರಪ್ಪನವರೇ.

ಹೀಗಾಗಿ ಡಾಕ್ಟರರ ಮಾತು ಮೀರಿ ದಾನವ್ವ ರೊಟ್ಟಿ ಬಡಿದ ಆ ಎರಡು ದಿನ ಕೈಗುರುವಿನ ಕಣ್ಣು ಕಿವಿ ಒಂದು ಕ್ಷಣವೂ ಮುಚ್ಚಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಪಾಠ ಶುರುವಾಯಿತು. ಕಲಿಯಲು ಕೂತವರು ಮೂವರು ತಿಂಗಳ ಗಿರಾಕಿಗಳು. ಆರಡಿ ಎತ್ತರದ ಟ್ರಾಫಿಕ್ ಹವಾಲ್ದಾರ ಹುಚ್ಚೀರಪ್ಪ. ಗಾಳಿ ಬಂದರೆ ಕಂಬ ಹಿಡಿದುಕೊಳ್ಳುವಷ್ಟು ತೆಳ್ಳಗಿನ ಗಣಿತದ ಕುಲಕರ್ಣಿ ಸರ್. ಮಂಡ್ಯದಿಂದ ವರ್ಗವಾಗಿ ಬಂದ ಬ್ಯಾಂಕಿನ ಕ್ಯಾಷಿಯರ್ ಚಲುವರಾಜು, ತಲೆ ಪೂರ್ತಿ ಬೋಳು. ದಾನವ್ವನ ರೊಟ್ಟಿ ನಿಂತರೆ ತಮ್ಮ ಹೊಟ್ಟೆಯ ಗತಿ ಏನೆಂಬ ಹೆದರಿಕೆಯೇ ಮೂವರನ್ನೂ ಕಲ್ಲಿನ ಮುಂದೆ ಕೂಡಿಸಿತ್ತು.

"ನಮ್ ಕಡೆ ಮುದ್ದೆ ಸಾ. ರೊಟ್ಟಿ ನಂಗ್ ಬಂದಾದಾ?" ಎಂದ ಚಲುವರಾಜು.

"ನಿನಗ ಬರಬೇಕಾಗಿಲ್ಲ. ನಿನ್ನ ಕೈಗೆ ಬಂದ್ರ ಸಾಕು!" ಎಂದು ಮಾಸ್ತರರು ಗುಂಡಿ ಒತ್ತಿದರು.

ಕೈಗವಸುಗಳು ಗುಂಯ್ ಎಂದವು. ಆರು ಕೈಗಳು ಒಂದೇ ಸಲ ಹಿಟ್ಟಿನೊಳಗೆ ಇಳಿದವು. ನಾದಿದವು, ಉಂಡೆ ಕಟ್ಟಿದವು, ಕಲ್ಲಿನ ಮೇಲಿಟ್ಟು ಶುರುಮಾಡಿದವು: ಥಪ್ ಥಪ್ ಥಪ್, ಥಪ ಥಪ ಥಪ! ರೊಟ್ಟಿಗಳು ಗರಗರ ತಿರುಗುತ್ತ ಅಗಲವಾದವು.

ದಾನವ್ವ ಬಾಯಿಯ ಮೇಲೆ ಸೆರಗು ಹಿಡಿದು ನಿಂತಳು. ಅದು ಅವಳದೇ ಸಪ್ಪಳ. ಮೂರು ದಿಕ್ಕಿನಿಂದ ತನ್ನ ಕೈ ತನಗೇ ಕೇಳಿಸಿದ್ದಕ್ಕೆ ಅವಳಿಗೆ ಸಂತೋಷವಾಯಿತು. ಹಿಂದೆಯೇ, ಕದ್ದವರ ಮನೆಯಲ್ಲಿ ತನ್ನ ಸೀರೆ ಒಣಹಾಕಿದ್ದನ್ನು ಕಂಡಂತೆ ಸಿಟ್ಟೂ ಬಂತು.

"ನೋಡ್ರಿ! ನೋಡ್ರಿ! ಹೊಸಾ ಯುಗ!" ಎಂದು ಮಾಸ್ತರರು ಕುಣಿದರು. ಹಂಚಿನ ಮೇಲೆ ಉಬ್ಬಿದ ಮೊದಲ ರೊಟ್ಟಿಗೆ ಕೈ ಚಾಚಿದರು.

ಫಟ್! ಫಟ್! ಫಟ್! ಮೂರು ಕೈಗಳು ಮೂರು ಕಡೆಯಿಂದ ಬಂದು ಅವರ ಮುಂಗೈ ಮೇಲೆ ಬಿದ್ದವು.

"ಏ ಹುಚ್ಚೀರಪ್ಪ! ನನಗ ಯಾಕ ಹೊಡೀತಿ?"

"ನಾ ಎಲ್ಲೆ ಹೊಡದ್ನಿರಿ? ಕೈ ಹೊಡೀತು!"

ದಾನವ್ವ ತುಟಿ ಕಚ್ಚಿಕೊಂಡಳು. ಮೊದಲ ರೊಟ್ಟಿ ಆಕಳಿಗೆ. ಅದನ್ನು ಎತ್ತಿಡುವ ಮೊದಲು ಯಾರು ಕೈ ಚಾಚಿದರೂ, ದೊಡ್ಡವರಿರಲಿ ಸಣ್ಣವರಿರಲಿ, ಅವಳ ಏಟು ತಪ್ಪಿದ್ದಿಲ್ಲ.

ಅಷ್ಟರಲ್ಲಿ ಕಿಟಕಿಯಲ್ಲಿ ಬೆಕ್ಕು ಕಂಡಿತು. ಮೂರು ಬಲಗೈಗಳು ಹಿಟ್ಟಿನ ಚೂರು ಕಿತ್ತು ಗುರಿಯಿಟ್ಟು ಎಸೆದವು. ಬೆಕ್ಕು ಅನುಭವಸ್ಥ; ಬಗ್ಗಿತು. ಮೂರೂ ಚೂರು ಮಾಸ್ತರರ ಕನ್ನಡಕಕ್ಕೆ ಬಡಿದವು.

"ಪರವಾಗಿಲ್ಲ, ಪರವಾಗಿಲ್ಲ!" ಎಂದು ಮಾಸ್ತರರು ಕನ್ನಡಕ ಒರೆಸುತ್ತ, "ಇದನ್ನ ನೋಡಿದ ಮ್ಯಾಲೆ ನನಗೊಂದ ಹೊಸಾ ವಿಚಾರ ಹೊಳದೈತಿ..." ಎಂದು ಬಾಯಿ ತೆಗೆದರು.

ಫಟ್! ಮೂವರೂ ತಮ್ಮ ತಮ್ಮ ಹಣೆ ತಾವೇ ಬಡಿದುಕೊಂಡರು. ಮೂರು ಹಣೆಗಳ ಮೇಲೂ ಐದೈದು ಬೆರಳಿನ ಬಿಳಿ ಹಿಟ್ಟು ಮೂಡಿತು.

"ಏನ್ರಿ ಇದು ಮಾಸ್ತರ!" ಎಂದು ಕುಲಕರ್ಣಿ ಸರ್ ಕೂಗಿದರು. "ನಮ್ಮ ಸಾಲ್ಯಾಗ ಮಕ್ಕಳೆಲ್ಲಾ ಮೊಬೈಲ್ ನೋಡಿ ಕಲೀಲಿಕ್ಕೆ ಹತ್ತ್ಯಾವ, ಅವಕ್ಕರ ಪಾಠ ಯಾವುದು, ಆಟ ಯಾವುದು ಗೊತ್ತಾಗತದ. ನಿಮ್ಮ ಗುರುವಿಗೆ ಅದೂ ಗೊತ್ತಿಲ್ಲಲ್ಲ!"

ಮಾತು ಮುಗಿಯುವುದರೊಳಗೆ ಅವರ ಬಲಗೈ ಮುಷ್ಟಿ ಬಿಗಿಯಿತು. ದಾನವ್ವನಿಗೆ ತಕ್ಷಣ ಗೊತ್ತಾಯಿತು. ಊಟಕ್ಕೆ ಮೊದಲು ಉಳ್ಳಾಗಡ್ಡಿಯನ್ನು ಅವಳು ಹೆಚ್ಚುವುದಿಲ್ಲ, ಒಂದೇ ಗುದ್ದಿಗೆ ಒಡೆಯುತ್ತಾಳೆ. ಕೈಗುರುವಿನ ಸಾಸಿವೆ ಕಣ್ಣು ಈಗ ನುಣ್ಣಗೆ, ದುಂಡಗೆ ಇರುವ ಏನನ್ನೋ ಹುಡುಕುತ್ತಿತ್ತು. ಅದಕ್ಕೆ ಸಿಕ್ಕಿದ್ದು ಚಲುವರಾಜುವಿನ ತಲೆ!

"ಸಾ! ಬ್ಯಾಡ ಸಾ! ಅದು ನನ್ ತಲೆ ಸಾ!"

"ನನಗ ಗೊತ್ತದರಿ! ಕೈಗೆ ಗೊತ್ತಿಲ್ಲ!"

ಎಡಗಡೆಯಿಂದ ಹುಚ್ಚೀರಪ್ಪನ ತೆಂಗಿನಕಾಯಿಯಷ್ಟು ದೊಡ್ಡ ಮುಷ್ಟಿಯೂ ಮೇಲೆದ್ದಿತು. ಅಷ್ಟೇ ಏಕೆ, ಚಲುವರಾಜುವಿನ ಸ್ವಂತ ಮುಷ್ಟಿಯೇ ಅವನ ತಲೆಯ ಮೇಲೆ ನಿಂತಿತು! ಅವನು ಕಣ್ಣು ಮುಚ್ಚಿ ಮಂಡ್ಯದ ಮನೆದೇವರನ್ನು ನೆನೆದ. ದೇವರು ದೂರದಲ್ಲಿದ್ದರೂ ಕೇಳಿಸಿತೇನೋ, ಸರಿಯಾಗಿ ಅದೇ ಗಳಿಗೆಗೆ ಓಣಿಯ ವೀರಭದ್ರ ದೇವರ ಗುಡಿಯ ಗಂಟೆ ಢಣ್ ಎಂದಿತು. ಮೂರು ಮುಷ್ಟಿಗಳೂ ಗಾಳಿಯಲ್ಲೇ ಬಿಚ್ಚಿಕೊಂಡು ಭಕ್ತಿಯಿಂದ ಕೈ ಮುಗಿದವು. ದಾನವ್ವ ಓಡಿಹೋಗಿ ಮೈನ್ ಸ್ವಿಚ್ಚಿನಂತಿದ್ದ ಗುಂಡಿಯನ್ನು ಒಣಕೈಯಲ್ಲಿ ಒತ್ತಿದಳು.

"ಗುಂಡಿ ಒತ್ತಿರಿ ಅಂತ ಹೇಳಿದ್ನಿಲ್ರಿ?" ಎಂದು ಮಾಸ್ತರರು ಕೊರಗಿದರು.

"ವೈರಿಂಗ್ ಸರಿ ಮಾಡು ಅಂತ ನಾನೂ ಇಪ್ಪತ್ತೆಂಟು ವರ್ಷದಿಂದ ಹೇಳಾಕತ್ತೇನಿ!"

ಮಾಸ್ತರರು ಸೋಲುವವರಲ್ಲ. ಮರುದಿನ ಬೆಳಿಗ್ಗೆ ಕೈಗುರುವಿನ ತಲೆಯಿಂದ ಬೆಕ್ಕು, ಗಂಟೆ, ಉಳ್ಳಾಗಡ್ಡಿ, ಏಟು, ಹಣೆ ಎಲ್ಲವನ್ನೂ ಕತ್ತರಿಸಿ ತೆಗೆದು, ಶುದ್ಧ ರೊಟ್ಟಿಯನ್ನು ಮಾತ್ರ ಉಳಿಸಿಕೊಂಡು ಬಂದರು. ಆರು ಕೈಗಳು ಈಗ ಶಿಸ್ತಾಗಿ ಬಡಿದವು. ಅತ್ತಿತ್ತ ಹೊರಳಲಿಲ್ಲ, ಯಾರಿಗೂ ಹೊಡೆಯಲಿಲ್ಲ.

ರೊಟ್ಟಿ ಮಾತ್ರ ಹಂಚಿನ ಮೇಲೆ ಒಂದೂ ಉಬ್ಬಲಿಲ್ಲ. ಒಂದರ ಅಂಚು ಸೀಳಿತು, ಇನ್ನೊಂದರ ನಡು ಹಸಿ ಉಳಿಯಿತು. ಹುಚ್ಚೀರಪ್ಪ ಒಂದು ತುಂಡು ಕಚ್ಚಿ, ಹಲ್ಲು ಇದೆಯೋ ಇಲ್ಲವೋ ಎಂದು ನಾಲಗೆಯಿಂದ ಮುಟ್ಟಿ ನೋಡಿಕೊಂಡ.

"ಲೆಕ್ಕಾ ಎಲ್ಲಾ ಬರೋಬ್ಬರಿ ಐತಿ!" ಎಂದು ಮಾಸ್ತರರು ತಲೆ ಕೆರೆದುಕೊಂಡರು. "ಒತ್ತು ಸರಿ, ಸುತ್ತು ಸರಿ. ಹಂಗಾದ್ರ ಯಾಕ?"

ದಾನವ್ವನಿಗೆ ಮೊದಲು ಒಳಗೊಳಗೇ ಖುಷಿಯಾಯಿತು. ನನ್ನ ಕೈ ಯಾರಪ್ಪನ ಸೊತ್ತೂ ಅಲ್ಲ ಎಂದುಕೊಂಡಳು. ಮರುಕ್ಷಣ ಗೋಡೆಯ ಕ್ಯಾಲೆಂಡರ್ ಕಂಡಿತು. ಅಮಾವಾಸ್ಯೆಗೆ ಮೂರೇ ದಿನ! ಅವಳು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಗಾಳಿಯಲ್ಲೇ ಒಂದು ರೊಟ್ಟಿ ಬಡಿದು ಬೇಯಿಸಿ ನೋಡಿದಳು.

"ಏ ಚನ್ನವೀರಾ," ಎಂದಳು ಮೆಲ್ಲಗೆ, "ರೊಟ್ಟಿ ಹಂಚಿನ ಮ್ಯಾಲೆ ಹಾಕಿ ಒದ್ದಿ ಅರಿವಿ ಎಳದ ಮ್ಯಾಲೆ ನಾ ಬೆಕ್ಕಿಗೆ ಒಗೀತೇನಿ. ಬೆಕ್ಕು ಇಲ್ಲಂದ್ರ ಇದ್ದಂಗ ಒಗೀತೇನಿ. ಅಷ್ಟರಾಗ ಮ್ಯಾಲಿನ ನೀರ ಆರತೈತಿ. ಆಮ್ಯಾಲೆ ಹೊಳ್ಳಿ ಹಾಕೋದು. ಹೊಳ್ಳಿ ಹಾಕಿ ಒಂದ ಉಳ್ಳಾಗಡ್ಡಿ ಗುದ್ದತೇನಿ. ಗುದ್ದೂದರಾಗ ರೊಟ್ಟಿ ಉಬ್ಬತೈತಿ."

"ಮತ್ತ ಹಣಿ?"

"ಹಣಿ ಬಡಕೊಂಡಾಗ ಅಂಗೈಯಾಗಿನ ಹೆಚ್ಚಿನ ಹಿಟ್ಟು ಉದರತೈತಿ. ಅದು ಉದರಲಿಲ್ಲಂದ್ರ ರೊಟ್ಟಿ ದಪ್ಪ."

ಕುಲಕರ್ಣಿ ಸರ್ ಎದ್ದು ನಿಂತು ದಾನವ್ವನಿಗೆ ಕೈ ಮುಗಿದರು, ಈ ಸಲ ಸ್ವಂತ ಇಚ್ಛೆಯಿಂದ. "ಮೂವತ್ತು ವರ್ಷ ನಾ ಪಾಠಾ ಮಾಡೀನ್ರಿ. ನಡುನಡುವ ಹುಡುಗರಿಗೆ ಬೈಯೋದು ಪಾಠದ ಹೊರಗಿನ ಕೆಲಸ ಅಂತ ತಿಳಕೊಂಡಿದ್ದೆ."

ಕತ್ತರಿಸಿ ತೆಗೆದದ್ದನ್ನೆಲ್ಲ ಮಾಸ್ತರರು ವಾಪಸ್ಸು ತುಂಬಿದರು. ಚಲುವರಾಜು ಮಾತ್ರ ಹುಚ್ಚೀರಪ್ಪನ ಹೆಲ್ಮೆಟ್ಟು ಕೇಳಿ ಹಾಕಿಕೊಂಡ.

ಆದರೆ ಹೊಸ ತೊಡಕೊಂದು ಎದ್ದಿತು. ಬೆಕ್ಕಿಗೆ ಹಾಲಿಟ್ಟು ಕಿಟಕಿಯಲ್ಲಿ ಕೂಡಿಸಬಹುದು. ಉಳ್ಳಾಗಡ್ಡಿ ಚೀಲ ಚೀಲ ಇದೆ. ಹಣೆ ಬಡಿದುಕೊಳ್ಳುವುದಕ್ಕೆ ಕೈಗುರು ಒಂದೇ ಒಂದು ಸೂಚನೆ ಕಲಿತಿತ್ತು: ಚನ್ನವೀರಪ್ಪನವರ ಹೊಸ ವಿಚಾರ! ಪ್ರತಿ ರೊಟ್ಟಿಗೂ ಒಂದು ಹೊಸ ವಿಚಾರ ಬೇಕು. ಸಾವಿರ ರೊಟ್ಟಿ!

ದಾನವ್ವ ಜೀವಮಾನದಲ್ಲಿ ಮೊದಲ ಸಲ ಮೈದುನನಿಗೆ ಆ ಮಾತು ಹೇಳಿದಳು. "ಚನ್ನವೀರಾ, ಇಲ್ಲೆ ಸ್ಟೂಲ್ ಮ್ಯಾಲೆ ಕೂಡು. ನಿನ್ನ ತಲ್ಯಾಗ ಏನೇನ ಐತೋ ಎಲ್ಲಾ ಹೇಳು. ನಿಲ್ಲಸಬ್ಯಾಡ."

ಮಾಸ್ತರರ ಕಣ್ಣು ತೇವವಾಯಿತು. "ಎಲ್ಲಾ ಹೇಳಲ್ರಿ ವೈನಿ?"

"ಎಲ್ಲಾ!"

ರವಿವಾರ ಬೆಳಿಗ್ಗೆ ಏಳಕ್ಕೆ ಶುರುವಾದದ್ದು ಸಂಜೆ ಐದರವರೆಗೆ ನಡೆಯಿತು. ಅಂಥ ದಿನವನ್ನು ಗದಗ ಹಿಂದೆ ಕಂಡಿರಲಿಲ್ಲ! "ಉಪ್ಪು ಹೆಚ್ಚಾದ್ರ ಅಳೋ ಸೌಟು ಮಾಡಬೇಕಂತೇನಿ!" ಫಟ್! "ತಾನ ತನ್ನ ಜೋಡಿ ಹುಡುಕೋ ಚಪ್ಪಲಿ!" ಫಟ್! "ಹಲ್ಲಿ ಲೊಚಗುಟ್ಟಿದ್ರ ಅರ್ಥಾ ಹೇಳೋ ರೇಡಿಯೋ!" ಫಟ್! ಥಪ ಥಪ ಥಪ, ಬೆಕ್ಕಿಗೆ ಹಿಟ್ಟು, ಹಂಚಿಗೆ ನೀರು, ಉಳ್ಳಾಗಡ್ಡಿಗೆ ಗುದ್ದು! ಮೂವರ ಹಣೆಗಳೂ ವಿಭೂತಿ ಧರಿಸಿದ ಜಂಗಮರ ಹಣೆಯಂತೆ ಬೆಳ್ಳಗಾದವು. ಓಣಿಯ ಜನ ಕಿಟಕಿಯಲ್ಲಿ ನಿಂತು ರೊಟ್ಟಿ ಎಣಿಸಿದರು. ಏಳುನೂರರ ಹೊತ್ತಿಗೆ ಮಾಸ್ತರರ ವಿಚಾರ ಬರಿದಾಗಿ, ಮಜ್ಜಿಗೆ ಯಂತ್ರವನ್ನೇ ಮತ್ತೊಮ್ಮೆ ಮಾಡುವ ಮಾತಾಡಿದರು. ಆಗ ಕಿಟಕಿಯಲ್ಲಿದ್ದ ಜನರೂ ಕೈಗವಸಿಲ್ಲದೆಯೇ ಹಣೆ ಬಡಿದುಕೊಂಡರು.

ಆಕಳಿನದೂ ಸೇರಿ ಸಾವಿರದ ಒಂದನೆಯ ರೊಟ್ಟಿ ಹಂಚಿನ ಮೇಲೆ ಚಂದ್ರನಂತೆ ಉಬ್ಬಿದಾಗ ದಾನವ್ವ ಅಳುವೂ ನಗುವೂ ಒಟ್ಟಿಗೆ ಬಂದು ನೆಲದ ಮೇಲೆ ಕುಳಿತುಬಿಟ್ಟಳು. ಆರು ಕೈಗಳು ಅವಳ ಮುಖದ ಹತ್ತಿರ ಬಂದು, ದುಂಡಗಿನ ಚೆಂದದ ಮುಖ ಕಂಡಾಗ ಅವಳು ಮಾಡುವಂತೆಯೇ ಕೆನ್ನೆ ಸವರಿ, ಲಟಲಟನೆ ನೆಟಿಗೆ ಮುರಿದು ದೃಷ್ಟಿ ತೆಗೆದವು. ಅವಳ ದೃಷ್ಟಿ ಯಾರಾದರೂ ತೆಗೆದು ಬಹಳ ವರ್ಷಗಳಾಗಿದ್ದವು.

ಹಬ್ಬ ಚೆನ್ನಾಗಿ ಮುಗಿಯಿತು. ಫಜೀತಿ ಶುರುವಾದದ್ದು ಆಮೇಲೆ. ಕೈಗವಸು ಕಳಚಿದರೂ ಕೈಗಳು ಪಾಠ ಮರೆಯಲಿಲ್ಲ!

ಚೌಕದಲ್ಲಿ ಹುಚ್ಚೀರಪ್ಪ ಒಬ್ಬ ಲಾರಿ ಡ್ರೈವರನನ್ನು ತಡೆದು ಬೈಯಲು ಹೋದ. ಡ್ರೈವರ ದುಂಡುದುಂಡಗೆ ಚೆಂದ ಇದ್ದ. ಹವಾಲ್ದಾರನ ಕೈ ಅವನ ಕೆನ್ನೆ ಸವರಿ ದೃಷ್ಟಿ ತೆಗೆದು ಕಳಿಸಿತು. ಆ ಡ್ರೈವರ ಅಂದಿನಿಂದ ನಿಯಮ ತಪ್ಪಿಲ್ಲವಂತೆ. ಬ್ಯಾಂಕಿನಲ್ಲಿ ಚಲುವರಾಜುವಿನ ಕೌಂಟರಿನ ಮೊದಲ ಗಿರಾಕಿ ಕೈ ಚಾಚಿದ ಕೂಡಲೇ ಫಟ್ ಎಂದು ಮುಂಗೈಗೆ ಏಟು ಬಿತ್ತು. "ತಪ್ ತಿಳ್ಕಬೇಡಿ ಸಾ, ಮೊದಲ್ನೇದು ಹಸೂಗೆ!" ಎಂದು ಅವನು ಬೆವರೊರೆಸಿಕೊಂಡ. ದಾನವ್ವನ ಕೈಗೆ ತೆಳ್ಳಗಿದ್ದವರನ್ನು ಕಂಡರೆ ಒಂದು ಹೆಚ್ಚಿಗೆ ಬಡಿಸುವ ರೂಢಿ. ಅದು ಕುಲಕರ್ಣಿ ಸರ್ ಕೈಗೂ ಬಂದು, ಅಂಕ ಹೆಚ್ಚಿಗೆ ಬಿದ್ದು ತರಗತಿಯ ಒಣಕಲು ಹುಡುಗರೆಲ್ಲ ಗಣಿತದಲ್ಲಿ ಪಾಸಾದರು. ಈಗ ದಪ್ಪ ಹುಡುಗರು ಊಟ ಬಿಟ್ಟಿದ್ದಾರೆಂದು ತಾಯಂದಿರು ದೂರು ತಂದಿದ್ದಾರೆ.

ಇಷ್ಟೆಲ್ಲ ದೂರುಗಳ ನಡುವೆ ಮಾಸ್ತರರು ಉದ್ದನೆಯ ಕಾಗದದ ಸುರುಳಿ ಹಿಡಿದು ಬಂದರು. ಕೈಯಲ್ಲಿ ಒಂದು ಜೊತೆ ಕೈಗವಸೂ ಇತ್ತು.

"ವೈನಿ, ನೀವು ಕಲಿಸಿದ ಎರಡು ದಿನದ ವರದಿ. ಕೈಗುರು ಒಂದೊಂದನ್ನೂ ಎಣಿಸೈತಿ!"

"ಓದು," ಎಂದಳು ದಾನವ್ವ. ಅವಳು ಮೂಲೆಯಲ್ಲಿ ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸಪ್ಪಗೆ ಕೂತಿದ್ದಳು. ಸಾವಿರ ರೊಟ್ಟಿ ಆಗಿತ್ತು, ನಿಜ. ಆದರೆ ನಾಳೆಯಿಂದ ಕಲ್ಲಿನ ಮುಂದೆ ಕೂರುವವಳು ತಾನಲ್ಲ ಎಂಬ ದುಃಖ ಉಳಿದಿತ್ತು.

"ರೊಟ್ಟಿ ಆರುನೂರಾ ಹನ್ನೆರಡು. ಬೆಕ್ಕಿಗೆ ಒಗದದ್ದೂ ಅಷ್ಟ, ಅದರಾಗ ಬೆಕ್ಕು ಇದ್ದದ್ದು ಐವತ್ತು. ಕೈ ಮುಗದದ್ದು ಎಂಟು. ಹಣಿ ಬಡಕೊಂಡದ್ದು..." ಮಾಸ್ತರರು ತಡವರಿಸಿದರು, "ಏಳನೂರಾ ನಲವತ್ಮೂರು."

"ಎಷ್ಟು?"

"ಏಳನೂರಾ ನಲವತ್ತು ಸಲ ನನ್ನ ದನಿ ಕೇಳಿದ ಕೂಡಲೇ ಅಂತ ಬರದೈತ್ರಿ. ಉಳದ ಮೂರು ಸಲ ಬರೇ ನನ್ನ ನೆರಳು ಕಂಡಾಗ."

ದಾನವ್ವ ತನ್ನ ಮಣಿಕಟ್ಟು ನೋಡಿಕೊಂಡಳು. ಮೆಲ್ಲಗೆ ಎದ್ದು ಬಂದಳು. ಪಟ್ಟಿ ಬಿಚ್ಚಿದಳು. ಒಂದು ಉಂಡೆ ಹಿಟ್ಟು ಕಲ್ಲಿನ ಮೇಲಿಟ್ಟು ಹೆದರುತ್ತ ಹೆದರುತ್ತ ಬಡಿದಳು. ಥಪ್. ನೋವಿಲ್ಲ! ಥಪ ಥಪ ಥಪ. ಊಹೂಂ, ಏನೇನೂ ಇಲ್ಲ! ಬಳಿಕ ಅದೇ ಕೈಯನ್ನು ಹಣೆಯ ಕಡೆಗೆ ಬೀಸಿ ನೋಡಿದಳು. ಕಳಕ್!

"ಯವ್ವಾ! ರೊಟ್ಟಿ ಅಲ್ಲೋ ಇದು! ಇಷ್ಟು ದಿನಾ ನೀನ ನನ್ನ ಕೈ ಮುರದಿಯಲ್ಲೋ!"

ಅವಳ ಮುಖದಲ್ಲಿ ಸಿಟ್ಟು ಬರಬೇಕಾಗಿತ್ತು. ಬಂದದ್ದು ನಗು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನ ಮುಂದೆ ಕೂತು ಎರಡನೆಯ ರೊಟ್ಟಿಗೆ ಹಿಟ್ಟು ತೆಗೆದಳು. ಅವಳ ಕೈ ಅವಳಿಗೆ ವಾಪಸ್ಸು ಬಂದಿತ್ತು.

ಮಾಸ್ತರರಿಗೆ ಸಮಾಧಾನವಾಯಿತು. ಸಮಾಧಾನವಾದರೆ ಅವರು ಸುಮ್ಮನಿರುವವರಲ್ಲ. ಕೈಗವಸು ಎರಡೂ ಕೈಗೆ ಏರಿಸಿಕೊಂಡು ಎದುರಿಗೆ ಬಂದು ನಿಂತರು.

"ಕಲಿಸಿದ್ದನ್ನ ಮರಸೂದು ಹ್ಯಾಂಗ ಅಂತ ಈಗ ತೋರಸ್ತೇನಿ. ಪ್ರಯೋಗ ನನ್ನ ಮ್ಯಾಲೇ! ವೈನಿ, ನನಗೊಂದ ಹೊಸಾ ವಿಚಾರ..."

ಫಟ್! ಅವರ ಕೈ ಅವರ ಹಣೆಗೇ ಬಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿತು.

"ಅಲ್ಲ, ವಿಚಾರ ಏನಂದ್ರ..."

ಫಟ್!

ಕೈಗವಸು ಕಿತ್ತೆಸೆಯಲು ಅವರು ಬೆರಳ ತುದಿ ಹಿಡಿದು ಎಳೆಯತೊಡಗಿದರು. ದಾನವ್ವ ರೊಟ್ಟಿ ತಿರುಗಿಸುತ್ತ, ತಲೆ ಎತ್ತದೆ ಹೇಳಿದಳು:

"ಕಳೀಬ್ಯಾಡ, ಇರಲಿ. ನಿನ್ನ ಸಲುವಾಗಿ ಇಪ್ಪತ್ತೆಂಟು ವರ್ಷ ನಾ ಬಡಕೊಂಡೇನಿ. ಇನ್ನ ಮ್ಯಾಲೆ ನೀನ ಬಡಕೋ."